ಹಂದಿ ಬರೀ ನೆಪ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: “ಒಂದು ಹಂದಿಯ ಜಗಳಕ್ಕೆ ಮ್ಯಾಸಚೂಸೆಟ್ಸ್ ವಸಾಹತಿನ ಶಾಸನಸಭೆ ಎರಡು ಹೋಳಾಯಿತು ಅಂತ ಬರೆದಿದ್ದೀರಿ. ನಮ್ಮ ಕಿವಿಗೆ ಹೂ ಇಡುತ್ತಿದ್ದೀರಾ? ಅದೂ ನಮ್ಮ ವಿಧಾನ ಪರಿಷತ್ತಿನಂಥದ್ದೇ?”

ಇಲ್ಲ ಸ್ವಾಮಿ, ಹೂ ಇಟ್ಟಿಲ್ಲ. ಹಂದಿಯೂ ನಿಜ, ಜಗಳವೂ ನಿಜ. ಆದರೆ ಜಗಳ ಹಂದಿಗಿಂತ ಹಳೆಯದು.

ಅಮೆರಿಕದ ಈ ವಸಾಹತಿಗೆ ಇಂಗ್ಲೆಂಡ್ ರಾಜ ಕೊಟ್ಟ 1629ರ ಸನ್ನದಿನ (ಅಧಿಕಾರಪತ್ರದ) ಪ್ರಕಾರ ಕಾನೂನು ಮಾಡಬೇಕಾದದ್ದು ‘ಫ್ರೀಮನ್’ಗಳು, ಅಂದರೆ ಓಟಿನ ಹಕ್ಕಿದ್ದವರು, ಸೇರಿದ ಮಹಾಸಭೆ. ಗವರ್ನರ್ ಜಾನ್ ವಿಂಥ್ರೋಪ್ 1630ರಲ್ಲಿ ಆ ಸನ್ನದನ್ನು ಜೊತೆಗೇ ತಂದರು. ಅಧಿಕಾರ ಮಾತ್ರ ಅವರು ಮತ್ತು ‘ಸಹಾಯಕ’ರೆಂಬ ಬೆರಳೆಣಿಕೆಯ ಆಡಳಿತಗಾರರ ಕೈಯಲ್ಲೇ ಉಳಿಯಿತು. 1632ರಲ್ಲಿ ನ್ಯೂಟೌನ್ ಸುತ್ತ ಮರದ ಕೋಟೆಬೇಲಿ ಹಾಕಲು 60 ಪೌಂಡ್ ತೆರಿಗೆ ಹೇರಿದರು. ಪಕ್ಕದ ವಾಟರ್‌ಟೌನ್‌ನ ಪಾದ್ರಿ ಜಾರ್ಜ್ ಫಿಲಿಪ್ಸ್ ಜನರನ್ನು ಸೇರಿಸಿ, ಹೀಗೆ ತೆರಿಗೆ ಕಟ್ಟುತ್ತಾ ಹೋದರೆ ನಾವೂ ನಮ್ಮ ಮಕ್ಕಳೂ ದಾಸರಾಗುತ್ತೇವೆ ಎಂದರು. ವಿಂಥ್ರೋಪ್ ಕರೆಸಿ ಗದರಿದರು, ಇವರು ತಪ್ಪಾಯಿತು ಅಂದರು. ಆದರೂ ಅದೇ ಮೇ ತಿಂಗಳಲ್ಲಿ, ತೆರಿಗೆ ವಿಚಾರಕ್ಕೆ ಪ್ರತಿ ಊರಿಂದ ಇಬ್ಬರು ಬರಲಿ ಎಂದಾಯಿತು!

ನನ್ನ ಕೇಳಿದರೆ ನಿಜವಾದ ತಿರುವು 1634. ಊರುಗಳ ಪ್ರತಿನಿಧಿಗಳು ಹೋಗಿ “ಸನ್ನದು ತೋರಿಸಿ” ಅಂದರು. ಓದಿದ ಮೇಲೆ ಬಿಡ್ತಾರಾ? ಆ ವರ್ಷದ ಚುನಾವಣೆಯಲ್ಲಿ ವಿಂಥ್ರೋಪ್ ಗವರ್ನರ್ ಪಟ್ಟವನ್ನೇ ಕಳೆದುಕೊಂಡರು. ಪ್ರತಿನಿಧಿಗಳು ಸಭೆಯಲ್ಲಿ ಕೂತರು. ಆದರೆ ಅವರ ತೀರ್ಮಾನವನ್ನು ತಡೆಯುವ ಹಕ್ಕು ತಮಗಿದೆ ಎಂಬ ಹಟ ಸಹಾಯಕರು ಬಿಡಲಿಲ್ಲ.

ಈಗ ಹಂದಿ. ಬಾಸ್ಟನ್ನಿನ ಶೆರ್ಮನ್ ಎಂಬ ಬಡ ಹೆಂಗಸು, ತನ್ನ ತಪ್ಪಿಸಿಕೊಂಡ ಹೆಣ್ಣುಹಂದಿಯನ್ನು ವ್ಯಾಪಾರಿ ರಾಬರ್ಟ್ ಕೀನ್ ಕೊಂದ ಎಂದು ದೂರಿದಳು. ಜಾಸ್ತಿ ಬೆಲೆಗೆ ಮಾರಿ ದಂಡ ತೆತ್ತಿದ್ದ ಕೀನ್ ಮೇಲೆ ಜನಕ್ಕೆ ಮೊದಲೇ ಸಿಟ್ಟು. ಕೆಳಗಿನ ಕೋರ್ಟಿನಲ್ಲಿ ಅವನೇ ಗೆದ್ದ. 1642ರಲ್ಲಿ ಕೇಸು ಮಹಾಸಭೆಗೆ ಬಂತು. ಶೆರ್ಮನ್ ಪರ 15 ಪ್ರತಿನಿಧಿಗಳು, 2 ಸಹಾಯಕರು. ಕೀನ್ ಪರ 8 ಪ್ರತಿನಿಧಿಗಳು, 7 ಸಹಾಯಕರು. ತಲೆ ಎಣಿಸಿದರೆ ಅವಳ ಗೆಲುವು, ಸಹಾಯಕರ ತಡೆ ಒಪ್ಪಿದರೆ ಇಲ್ಲ. ಪ್ರತಿನಿಧಿಗಳು ಕೆರಳಿದ್ದು ಇದಕ್ಕೇ. 1644ರಲ್ಲಿ ಎರಡು ಗುಂಪೂ ಬೇರೆಬೇರೆ ಕೂತು, ಒಬ್ಬರನ್ನೊಬ್ಬರು ತಡೆಯುವ ಹಕ್ಕು ಪಡೆದವು.

ಹಾಗಾಗಿ ನಮ್ಮ ಪರಿಷತ್ತಿಗೆ ಹೋಲಿಸಲಾಗದು. ನಮ್ಮದು ಮಸೂದೆಯನ್ನು ಒಂದಷ್ಟು ದಿನ ತಡ ಮಾಡಬಲ್ಲದು, ಅಷ್ಟೇ. ಅಲ್ಲಿ ಸಹಾಯಕರನ್ನೂ ಫ್ರೀಮನ್‌ಗಳೇ ಆರಿಸುತ್ತಿದ್ದರು. ಫ್ರೀಮನ್ ಆಗಲು ಮಾತ್ರ ಚರ್ಚ್ ಸದಸ್ಯನಾಗಿರಬೇಕಿತ್ತು, ಗಂಡಸೂ ಆಗಿರಬೇಕಿತ್ತು. ಶೆರ್ಮನ್‌ಗೆ ಹಂದಿಯಿತ್ತು, ಓಟಿರಲಿಲ್ಲ.