ತೋಟ ಮಾರುವ ಮೊದಲು

ವಿರಾಜಪೇಟೆ ಕಡೆಯ ಓದುಗರೊಬ್ಬರ ಪತ್ರ: "ಅಣ್ಣ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ಬೆನ್ನಿಗೆ ಯಂತ್ರ ಹಾಕಿಸಿಕೊಂಡವರು ನಡೆಯುವ ವಿಡಿಯೊ ನೋಡಿದ ಅಪ್ಪ, ಅರ್ಧ ತೋಟ ಮಾರಿಯಾದರೂ ವಿದೇಶಕ್ಕೆ ಕರೆದೊಯ್ಯೋಣ ಅಂತಿದ್ದಾರೆ. ಏನು ಮಾಡಲಿ?"

ವಿಡಿಯೊ ಸುಳ್ಳಲ್ಲ. ಆದರೂ ತೋಟ ಮಾರಬೇಡಿ ಎಂದೇ ಹೇಳುತ್ತೇನೆ.

ನೀವು ನೋಡಿದ್ದು ಬಹುಶಃ ನೆದರ್‌ಲ್ಯಾಂಡ್ಸಿನ ಗೆರ್ಟ್-ಯಾನ್ ಓಸ್ಕಾಮ್ ಅವರನ್ನು. ಸ್ವಿಟ್ಜರ್ಲೆಂಡಿನ ಸಂಶೋಧಕರು 2023ರಲ್ಲಿ ಅವರ ವಿಷಯ ಪ್ರಕಟಿಸಿದರು. ಕಾಲೆತ್ತಬೇಕು ಎಂದು ಅವರು ಅಂದುಕೊಂಡರೆ ಮೆದುಳಿನ ಮೇಲಿಟ್ಟ ಉಪಕರಣ ಅದನ್ನು ಹಿಡಿಯುತ್ತದೆ, ಕಂಪ್ಯೂಟರ್ ಓದುತ್ತದೆ, ಬೆನ್ನುಹುರಿಗೆ ಸಣ್ಣ ಕರೆಂಟ್ ಹೋಗುತ್ತದೆ. ಆದರೆ ಅವರ ಬೆನ್ನುಹುರಿ ಪೂರ್ತಿ ಕಡಿದುಹೋಗಿರಲಿಲ್ಲ. ಯಾರ ಪೆಟ್ಟು ಎಷ್ಟು, ಎಲ್ಲಿ ಅನ್ನೋದರ ಮೇಲೆ ಎಲ್ಲ ನಿಂತಿದೆ.

ವಿಡಿಯೊದಲ್ಲಿ ಕಾಣದ್ದು ತಾಲೀಮು. ಅಮೆರಿಕದ ಲೂಯಿವಿಲ್‌ನಲ್ಲಿ ರಾಬ್ ಸಮರ್ಸ್ ಎಂಬ ಯುವಕನಿಗೆ ಯಂತ್ರ ಹಾಕುವ ಮೊದಲೇ 26 ತಿಂಗಳಲ್ಲಿ 170 ಸಲ ನಡಿಗೆಯ ತಾಲೀಮು ಕೊಟ್ಟಿದ್ದರು. ಅದರಿಂದ ಏನೂ ಬದಲಾಗಲಿಲ್ಲ. ಆಮೇಲೆ ಬೆನ್ನಿಗೆ ಕರೆಂಟ್ ಕೊಟ್ಟಾಗ ಮೈಭಾರ ಹೊತ್ತು ಕೆಲವು ನಿಮಿಷ ನಿಂತ. ಇದು 2011ರ ವರದಿ. ಪೆಟ್ಟಾದ ಜಾಗದ ಕೆಳಗಿನ ನರಗಳು ಸತ್ತಿರುವುದಿಲ್ಲ, ಮೇಲಿನ ಆಜ್ಞೆ ಬರುತ್ತಿಲ್ಲ ಅಷ್ಟೆ. ಕರೆಂಟ್ ಅವನ್ನು ಎಚ್ಚರವಾಗಿಡುತ್ತದೆ. ಆಗ ಪಾದದಿಂದ ಬರುವ ಸುದ್ದಿಗೂ ಅವು ಓಗೊಡುತ್ತವೆ.

ಚರ್ಮದ ಮೇಲೇ ಅಂಟಿಸುವ ಇಂಥದೊಂದು ಯಂತ್ರಕ್ಕೆ 2024ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಆದರೆ ಅದು ಕೈಗಳಿಗೆ. ಕಾಲಿನದು ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಲಕ್ಷಗಟ್ಟಲೆ ಕೇಳಿ 'ಗ್ಯಾರಂಟಿ' ಅನ್ನುವವರು ಸಿಕ್ಕರೆ ಅಪ್ಪನಿಗೆ ನೀವೇ ಅಡ್ಡ ನಿಲ್ಲಬೇಕು.

ಅಷ್ಟು ದೂರ ಯಾಕೆ, ವೆಲ್ಲೂರಿಗೆ ಹೋಗಬಹುದಲ್ವಾ? ಅಲ್ಲಿನ ಸಿಎಂಸಿ ಆಸ್ಪತ್ರೆಯ ಪುನರ್ವಸತಿ ಕೇಂದ್ರ 1966ರಲ್ಲಿ ಶುರುವಾಯಿತು. ಕಟ್ಟಿದವರು ಡಾ. ಮೇರಿ ವರ್ಗೀಸ್. 1954ರ ಅಪಘಾತದಲ್ಲಿ ಅವರ ಸೊಂಟದ ಕೆಳಗೂ ಸ್ವಾಧೀನ ಹೋಗಿತ್ತು. ಗಾಲಿಕುರ್ಚಿಯಲ್ಲಿ ಕೂತೇ ಆಪರೇಷನ್ ಮಾಡಿದವರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಪುನರ್ವಸತಿ ವಿಭಾಗ ಇದೆ. ಮೂತ್ರದ ತೊಂದರೆ, ಬೆನ್ನಿನ ಹುಣ್ಣು, ಬಿಗಿದ ಕಾಲು, ಇವನ್ನು ಮೊದಲು ನೋಡಿಸಿ. ಮುಂದೆ ಎಂಥ ಯಂತ್ರ ಬಂದರೂ ಗಟ್ಟಿಯಾದ ಕೀಲು, ಸವೆದ ಮೂಳೆ ಇಟ್ಟುಕೊಂಡು ಅದನ್ನು ಬಳಸುವುದು ಕಷ್ಟ.

ಐಐಟಿ ಮದ್ರಾಸ್‌ನವರು 'ನಿಯೋಬೋಲ್ಟ್' ಎಂಬ ಮೋಟಾರ್ ಜೋಡಣೆ ಮಾಡಿದ್ದಾರೆ. ಗಾಲಿಕುರ್ಚಿಗೆ ಸಿಕ್ಕಿಸಿ ರಸ್ತೆಯಲ್ಲೇ ಓಡಿಸಬಹುದು. ನಮ್ಮ ಮಳೆಗಾಲದ ಕೆಸರಿನ ಏರಿನಲ್ಲಿ ಹೇಗೋ, ಸುಮ್ನೆ ನಂಬದೆ ಓಡಿಸಿ ನೋಡಿಯೇ ಕೊಳ್ಳಿ. ಅದಕ್ಕೂ ಮೊದಲು ಬಚ್ಚಲ ಬಾಗಿಲು ಅಗಲ ಮಾಡಿಸಿ, ಹೊಸ್ತಿಲು ತೆಗೆಸಿ. ಅದಕ್ಕೆ ಈ ವರ್ಷದ ಮೆಣಸಿನ ದುಡ್ಡೇ ಸಾಕಾದೀತು.

– ಸಂ.