ಸಂಪಾದಕರ ಉತ್ತರ: ಸೋತ ದೊರೆಯ ಬಿಳಿ ಕೋಟು

ಧಾರವಾಡದ ಓದುಗರೊಬ್ಬರು ಬರೆದಿದ್ದಾರೆ: “ವಿಯೆನ್ನಾ ಪ್ರವಾಸದಲ್ಲಿ ಆಸ್ಟ್ರಿಯಾದ ಚಕ್ರವರ್ತಿ ಫ್ರಾಂಜ್ ಜೋಸೆಫನ ಆಳೆತ್ತರದ ತೈಲಚಿತ್ರ ನೋಡಿದೆ. ಯುದ್ಧದಲ್ಲಿ ಸೋತವನಿಗೆ ಸೇನಾಪತಿಯ ಉಡುಪೇಕೆ, ಎದೆಯ ಮೇಲೆ ಪದಕಗಳೇಕೆ? ಇದು ಬರೀ ವೇಷವಲ್ಲವೇ?”

ಮಾನ್ಯರೇ, ಅದು ಜರ್ಮನ್ ಚಿತ್ರಕಾರ ಫ್ರಾಂಜ್ ಕ್ಸೇವರ್ ವಿಂಟರ್‌ಹಾಲ್ಟರ್ 1865ರಲ್ಲಿ ಬರೆದ ಚಿತ್ರ. ಅದಕ್ಕೆ ಆರು ವರ್ಷ ಮೊದಲು ಇಟಲಿಯ ಸೋಲ್ಫೆರಿನೋದಲ್ಲಿ ಚಕ್ರವರ್ತಿ ತಾನೇ ಸೈನ್ಯ ನಡೆಸಿ ಸೋತು, ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತ್ಯವನ್ನು ಕಳೆದುಕೊಂಡಿದ್ದ. ಮರುವರ್ಷ, 1866ರ ಜುಲೈ 3ರಂದು, ಬೊಹೀಮಿಯಾದ ಕೋನಿಗ್ರೆಟ್ಸ್‌ನಲ್ಲಿ ಜರ್ಮನ್ ರಾಜ್ಯ ಪ್ರಷ್ಯಾ ಅವನ ಸೈನ್ಯವನ್ನು ಮಣ್ಣುಮುಕ್ಕಿಸಿತು. ಎರಡು ಸೋಲುಗಳ ನಡುವೆ ಫೀಲ್ಡ್ ಮಾರ್ಷಲನ ಬಿಳಿ ಕೋಟು, ಕೆಂಪು ಷರಾಯಿ ತೊಟ್ಟು ನೆಟ್ಟಗೆ ನಿಂತವನನ್ನು ಕಂಡರೆ ನಗು ಬರುವುದು ಸಹಜವೇ.

ಆದರೂ ಅದನ್ನು ವೇಷ ಎನ್ನಲು ನನಗೆ ಮನಸ್ಸಾಗದು. 1848ರ ದಂಗೆಯಲ್ಲಿ ಆಸ್ಥಾನವೇ ವಿಯೆನ್ನಾ ಬಿಟ್ಟು ಓಡಿತ್ತು. ನಗರವನ್ನು ಮರಳಿ ಹಿಡಿದುಕೊಟ್ಟದ್ದು ಸೈನ್ಯ. ಅದೇ ಡಿಸೆಂಬರಿನಲ್ಲಿ ಪಟ್ಟವೇರಿದಾಗ ಇವನಿಗೆ ಹದಿನೆಂಟು ವರ್ಷ. ಆಮೇಲೆ ಬದುಕಿನುದ್ದಕ್ಕೂ ಸಮವಸ್ತ್ರವೇ ಇವನ ನಿತ್ಯದ ಉಡುಪಾಯಿತು. ಸಿಂಹಾಸನ ಯಾರ ಋಣದಲ್ಲಿದೆ ಎಂಬುದನ್ನು ಆ ಕೋಟು ಮುಚ್ಚಿಡುವುದಿಲ್ಲ. ಅಂದಹಾಗೆ, ಬಿಳಿ ಅಂದು ಆಸ್ಟ್ರಿಯಾದ ಕಾಲಾಳುಗಳ ಬಣ್ಣವೂ ಆಗಿತ್ತು. 1866ರ ಪೆಟ್ಟಿನ ನಂತರ ಅವರಿಗೆ ಕಡುನೀಲಿ ಬಂತು.

ಪದಕಗಳ ವಿಚಾರದಲ್ಲಿ ಮಾತ್ರ ನಿಮ್ಮ ಮಾತಿಗೆ ತೂಕವಿದೆ. ಕೊರಳಲ್ಲಿರುವ ಚಿನ್ನದ ಟಗರು, ಅಂದರೆ ಗೋಲ್ಡನ್ ಫ್ಲೀಸ್ ಎಂಬ ಗೌರವದ ಪದಕ, ಅವನ ಹ್ಯಾಬ್ಸ್‌ಬರ್ಗ್ ಮನೆತನದ ಬಳುವಳಿ. ಶೌರ್ಯಕ್ಕೂ ಅದಕ್ಕೂ ಸಂಬಂಧವಿಲ್ಲ. ಎದೆಯ ನಕ್ಷತ್ರ ಮರಿಯಾ ಥೆರೇಸಾ ಸೇನಾ ಗೌರವದ್ದು. ಅಧಿಕಾರಿಗಳು ಅದನ್ನು ರಣರಂಗದಲ್ಲಿ ಗಳಿಸಬೇಕಿತ್ತು. ಚಕ್ರವರ್ತಿಯೋ ಆ ಗೌರವದ ಮುಖ್ಯಸ್ಥ, ಹಾಗಾಗಿ ಹುದ್ದೆಯ ಜೊತೆಗೇ ಅದು ಅವನಿಗೆ ದಕ್ಕಿತು.

ಚಿತ್ರಕಾರ ಹೊಗಳುಭಟನೇ? ಹೌದು, ಬಲು ನುರಿತ ಹೊಗಳುಭಟ. ಸೋಲ್ಫೆರಿನೋದಲ್ಲಿ ಗೆದ್ದ ಫ್ರೆಂಚ್ ಚಕ್ರವರ್ತಿ ಮೂರನೇ ನೆಪೋಲಿಯನ್ನನನ್ನೂ ಸಮವಸ್ತ್ರದಲ್ಲಿ ನಿಲ್ಲಿಸಿ ಬರೆದವನು ಇವನೇ.

ನಿಮ್ಮ ಸಿಟ್ಟಿಗೆ ಇನ್ನೂ ತಕ್ಕದ್ದು ಬೇಕೆಂದರೆ, ವಿಂಟರ್‌ಹಾಲ್ಟರನೇ 1852ರಲ್ಲಿ ವಿಕ್ಟೋರಿಯಾ ರಾಣಿಗಾಗಿ ಬರೆದ ಕೊಡಗಿನ ಗೌರಮ್ಮನ ಚಿತ್ರ ನೋಡಿ. ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನ ಮಗಳು. ಅದೇ ವರ್ಷ ರಾಣಿಯೇ ಧರ್ಮಮಾತೆಯಾಗಿ ನಿಂತು ಅವಳಿಗೆ ಕ್ರೈಸ್ತ ದೀಕ್ಷೆ ಕೊಡಿಸಿದ್ದಳು. ಮೈಮೇಲೆ ಭಾರತದ ಉಡುಗೆ, ಒಡವೆ, ಕೈಯಲ್ಲಿ ಬೈಬಲ್. ಫ್ರಾಂಜ್ ಜೋಸೆಫನ ಕೋಟು ಅವನಾಗಿಯೇ ತೊಟ್ಟದ್ದು. ವೇಷದ ದೂರನ್ನು ನಾನು ಆ ಹುಡುಗಿಯನ್ನು ಹಾಗೆ ನಿಲ್ಲಿಸಿದವರ ಲೆಕ್ಕಕ್ಕೆ ಬರೆಯುತ್ತೇನೆ.

– ಸಂ.