ಬೆಲೆ ಹೇಳಲು ನಾಲಿಗೆ ಏಳದ ಹುಡುಗಿ

(ಗುರುತು ಸಿಗದಂತೆ ಹೆಸರು, ವಿವರ ಬದಲಿಸಿದ್ದೇನೆ.)

ಸುಮಾಗೆ 26 ವರ್ಷ. ಹಗಲು ಲೆಕ್ಕಪತ್ರ ನೋಡುವ ಕೆಲಸ, ರಾತ್ರಿ ಕನ್ನಡ ಕ್ಯಾಲಿಗ್ರಫಿ, ಅಂದರೆ ಅಕ್ಷರಗಳನ್ನು ಕಲೆಯಾಗಿ ಚೆಂದಕ್ಕೆ ಬರೆಯುವುದು. ಕೆಲಸ ಬಿಟ್ಟು ಅದನ್ನೇ ಹಿಡಿಯುವ ಆಸೆ, ಅಪ್ಪನ ವಿರೋಧ. ನಿದ್ದೆ ಬರುತ್ತಿಲ್ಲ ಅಂತ ನನ್ನ ಬಳಿ ಬಂದಳು.

ಬರೆದದ್ದು ತೋರಿಸು ಅಂದೆ. ಒಂದು ಲಗ್ನಪತ್ರಿಕೆ ತೆಗೆದಳು. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಎಷ್ಟು ಚೆನ್ನಾಗಿ ಕೂರಿಸಿದ್ದಳು! ಎಷ್ಟು ತಗೊಂಡೆ ಅಂತ ಕೇಳಿದೆ. "ಪರಿಚಯದವರು ಮೇಡಂ, ಸುಮ್ನೆ ಬರೆದುಕೊಟ್ಟೆ." ಐದು ಸಲ ತಿದ್ದಿಸಿದ್ದರಂತೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು: 14 ಗಂಟೆ. ಆರು ತಿಂಗಳಲ್ಲಿ 11 ಕೆಲಸ, ದುಡ್ಡು ಬಂದದ್ದು ಮೂರಕ್ಕೆ. ಊರವರ ಲೆಕ್ಕ ಪೈಸೆ ಬಿಡದೆ ಬರೆಯುವ ಹುಡುಗಿ ತನ್ನದನ್ನು ಬರೆದಿರಲೇ ಇಲ್ಲ. ನಿದ್ದೆ ಕೆಡಿಸಿದ್ದು ಇದೇ ಅನ್ನಿಸಿತು ನನಗೆ.

ಮುಂದಿನ ಸಲ ಅಪ್ಪನನ್ನೂ ಕರೆಸಿದೆ. ಅವರು ಅಂಗಡಿ ಬೋರ್ಡ್ ಬರೆಯುತ್ತಿದ್ದವರು. ಫ್ಲೆಕ್ಸ್ ಬಂದು ಆ ಕೆಲಸ ನಿಂತುಹೋಯಿತು. ಅವರದು ಹಟ ಅಲ್ಲ, ಸುಟ್ಟ ಕೈಯ ಭಯ. ಸಮಾಧಾನ ಹೇಳಲು ಹೋಗಲಿಲ್ಲ. ನೀವು ದುಡ್ಡು ಹೇಗೆ ತಗೊಳ್ತಿದ್ರಿ ಅಂತ ಕೇಳಿದೆ. "ಅಡಿ ಲೆಕ್ಕ. ಅರ್ಧ ಅಡ್ವಾನ್ಸ್ ಬರದೆ ಬಣ್ಣದ ಡಬ್ಬಿ ತೆಗೀತಿರಲಿಲ್ಲ." ಸುಮಾ ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಮನೆಯಲ್ಲಿ ಈ ಮಾತೇ ಬಂದಿರಲಿಲ್ಲ.

ನಾನು ಹೇಳಿದ್ದು: ಈಗಲೇ ಕೆಲಸ ಬಿಡಬೇಡ. ಆರು ತಿಂಗಳ ಮನೆಖರ್ಚು ಬೇರೆ ಖಾತೆಯಲ್ಲಿ ಕೂಡಲಿ. ಪ್ರತಿ ಕೆಲಸದ ಗಂಟೆ ಬರೆದಿಡು. ಅಪ್ಪನ ಹಾಗೆ ಅರ್ಧ ಮುಂಗಡ, ತಿದ್ದುವುದು ಎರಡೇ ಸಲ. ಬಾಯಲ್ಲಿ ಹೇಳಲು ಕಷ್ಟವಾದರೆ ವಾಟ್ಸಾಪ್‌ನಲ್ಲಿ ಬರೆದು ಕಳಿಸು. ಲಗ್ನಪತ್ರಿಕೆಯನ್ನೇ ನೆಚ್ಚಿಕೊಂಡರೆ ಆಷಾಢದಲ್ಲಿ ಕೈ ಖಾಲಿ, ಅಲ್ವಾ? ಮನೆ ಹೆಸರಿನ ಫಲಕ, ಪುಸ್ತಕದ ಮುಖಪುಟ, ನವೆಂಬರ್‌ನಲ್ಲಿ ರಾಜ್ಯೋತ್ಸವದ ಸನ್ಮಾನಪತ್ರ, ಇವನ್ನೂ ಹುಡುಕು. ಜಿಎಸ್‌ಟಿ ಅಂದರೆ ಹೆದರಿದ್ದಳು. ಸೇವೆ ಕೊಡುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದ ಮೇಲೆ ನೋಂದಣಿಯ ಮಾತು. ಅವಳು ಅಲ್ಲಿಂದ ಬಹಳ ದೂರ.

ಬೆಲೆ ಹೇಳಿ ಸುಮ್ಮನಿರುವುದನ್ನು ನನ್ನೆದುರೇ ಅಭ್ಯಾಸ ಮಾಡಿಸಿದೆ. ಮೊದಮೊದಲು "ಮೂರು ಸಾವಿರ" ಅಂದವಳೇ "ಜಾಸ್ತಿ ಆಯ್ತಾ?" ಅಂತ ತಾನೇ ಇಳಿಸುತ್ತಿದ್ದಳು. ಹತ್ತನೇ ಸಲಕ್ಕೆ ಮಾತು ಅಲ್ಲಿಗೇ ನಿಂತಿತು.

ಮೂರು ತಿಂಗಳ ಮೇಲೆ ಮತ್ತೆ ಬಂದಳು. ಬೆಲೆ ಕೇಳಿ ಇಬ್ಬರು ಹಿಂದೆ ಸರಿದಿದ್ದರು, ನಾಲ್ವರು ಅಡ್ವಾನ್ಸ್ ಕೊಟ್ಟಿದ್ದರು. ನಿದ್ದೆ ಬರುತ್ತಿದೆಯಂತೆ. ಕೆಲಸ ಇನ್ನೂ ಬಿಟ್ಟಿಲ್ಲ. ಬೇರೆ ಖಾತೆಯಲ್ಲಿ ಒಂದು ತಿಂಗಳ ಖರ್ಚು ಕೂಡಿದೆ.